ಪೀಪಾಯಿಯಲ್ಲಿ ಮಾಗಿದ ರಿಯೋಹಾ

ಸ್ಪೇನಿನ ಉತ್ತರಕ್ಕೆ ಎಬ್ರೊ ನದಿಯ ಬಯಲಿನಲ್ಲಿ ರಿಯೋಹಾ ಎಂಬ ಸೀಮೆಯಿದೆ. ಅಲ್ಲಿನ ಕೆಂಪು ವೈನಿನ ಶೀಷೆಯ ಮೇಲೆ ‘ಗ್ರಾನ್ ರೆಸೆರ್ವಾ’ ಎಂದಿದ್ದರೆ ಅದು ವ್ಯಾಪಾರಿಯ ಹೊಗಳಿಕೆಯಲ್ಲ, ಕಾನೂನಿನ ಮಾತು. ಆ ವೈನು ಕನಿಷ್ಠ 5 ವರ್ಷ ಮಾಗಿರಲೇಬೇಕು. ಅದರಲ್ಲಿ 2 ವರ್ಷವಾದರೂ ಓಕ್ ಮರದ ಪೀಪಾಯಿಯಲ್ಲಿ.

ಅದರ ಮುಖ್ಯ ದ್ರಾಕ್ಷಿ ತೆಂಪ್ರಾನಿಯೊ. ಬೇಗ ಹಣ್ಣಾಗುವುದರಿಂದ ಅದಕ್ಕೆ ಆ ಹೆಸರು. ಹಣ್ಣಿಗೆ ಅವಸರವಿದ್ದರೂ ರಸಕ್ಕೆ ಅವಸರವಿಲ್ಲ. ವರ್ಷ ಕಳೆದಂತೆ ಕಡುಗೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಒಗರು ತಗ್ಗುತ್ತದೆ, ಮರದಿಂದ ವೆನಿಲಾದ ಪರಿಮಳ ಇಳಿಯುತ್ತದೆ.

ಈ ಪೀಪಾಯಿಯ ಪದ್ಧತಿ ಫ್ರಾನ್ಸಿನ ಬೋರ್ಡೊದಿಂದ ಬಂದದ್ದು. 1850ರ ದಶಕದಲ್ಲಿ ಲುಸಿಯಾನೊ ದೆ ಮುರ್ರಿಯೆತಾ ಅದನ್ನು ರಿಯೋಹಾದಲ್ಲಿ ಪ್ರಯೋಗಿಸಿದ. ಮುಂದೆ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟ ಬೇರು ಕೊರೆದು ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ಬೋರ್ಡೊ ವರ್ತಕರು ವೈನು ಹುಡುಕಿಕೊಂಡು ರಿಯೋಹಾಕ್ಕೆ ಬಂದರು. ಊರು ಸಿರಿವಂತವಾಯಿತು.

ಆದರೆ ನೆರೆಮನೆಗೆ ಬಿದ್ದ ಬೆಂಕಿ ಅಲ್ಲಿಯೇ ನಿಲ್ಲುತ್ತದೆಯೆ? 1900ರ ಸುಮಾರಿಗೆ ಅದೇ ಕೀಟ ರಿಯೋಹಾದ ಬೇರುಗಳಿಗೂ ತಗುಲಿತು. ಅಮೆರಿಕದ ದ್ರಾಕ್ಷಿಬೇರಿಗೆ ಆ ಕೀಟವನ್ನು ತಾಳುವ ಶಕ್ತಿಯಿತ್ತು. ಅದರ ಮೇಲೆ ಸ್ಥಳೀಯ ಬಳ್ಳಿಯನ್ನು ಕಸಿಕಟ್ಟಿ ಊರು ಉಳಿಯಿತು. ರೋಗ ಬಂದ ನಾಡಿನಿಂದಲೇ ಮದ್ದೂ ಬಂತು.