ಮರದೊಳಗೆ ಮುರಿದ ತಿರುಪು

ವಾದ್ಯ ಕೆಟ್ಟರೆ ಅದನ್ನು ಸರಿಮಾಡುವವರು ದೊಡ್ಡ ಪಟ್ಟಣದಲ್ಲಿ ಸಿಕ್ಕುತ್ತಾರೆ. ಸಣ್ಣ ಊರಿನಲ್ಲಿ ಸಿಕ್ಕುವವನು ಬಡಿಗ. ಬಾಗಿಲು, ಬಂಡಿ, ಮಂಚ ಎಲ್ಲವೂ ಅವನ ಕೈಗೆ ಬಗ್ಗುತ್ತವೆ. ಎಲೆಕ್ಟ್ರಿಕ್ ಗಿಟಾರ್ ಮಾತ್ರ ಹೊಸದು. ಆದರೂ ಗಿಟಾರಿಗೆ ಬರುವ ಒಂದು ಕಾಯಿಲೆ ಬಡಿಗನ ವಿದ್ಯೆಗೇ ಸೇರಿದ್ದು. ಗಿಟಾರಿನ ಕತ್ತಿನ ಮರದೊಳಗೆ ತಿರುಪು ಮೊಳೆ, ಅಂದರೆ ನಾವು ನಿತ್ಯ ಸ್ಕ್ರೂ ಎನ್ನುವುದು, ಮುರಿದು ಉಳಿದುಬಿಡುತ್ತದೆ. ಅದನ್ನು ತೆಗೆಯುವ ಬಗೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ನೆಲೆನಿಂತ ಊರುಗಳು ಅವು. ಬಂಗಾಳಿಗಳಿಗೂ ಗಿಟಾರಿಗೂ ಹಳೆಯ ನಂಟು. ಕಲ್ಕತ್ತೆಯ ಸುನೀಲ್ ಗಂಗೂಲಿಯವರು ಎಲೆಕ್ಟ್ರಿಕ್ ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ ಹಾಡಿನ ರೆಕಾರ್ಡುಗಳು ಬಂಗಾಳದ ಆಚೆಗೂ ಪ್ರಸಿದ್ಧವಾದವು. ಕವಿ ಕಾಜಿ ನಜ್ರುಲ್ ಇಸ್ಲಾಂ ಅವರ ಮಗ ಕಾಜಿ ಅನಿರುದ್ಧರೂ ಗಿಟಾರ್ ವಾದಕರೇ. ಹವಾಯಿಯನ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನುಡಿಸುತ್ತಾರೆ. ಇಂದಿನ ಹುಡುಗರು ಹೆಗಲಿಗೆ ತೂಗಿಕೊಳ್ಳುವುದು ಇನ್ನೊಂದು ಬಗೆ, ನಮ್ಮ ಮಾತು ಅದನ್ನು ಕುರಿತದ್ದು. ದುರ್ಗಾಪೂಜೆಗೆ ಇನ್ನು ಎರಡೇ ದಿನವಿರುವಾಗ, ಕ್ಯಾಂಪಿನ ಒಬ್ಬ ಹುಡುಗನ ಗಿಟಾರಿನ ತಿರುಪು ಮುರಿಯಿತೆಂದು ಭಾವಿಸಿಕೊಳ್ಳಿ. ಬೆಂಗಳೂರು ಸುಮಾರು 400 ಕಿಲೋಮೀಟರ್ ದೂರ. ಬಡಿಗನ ಅಂಗಡಿಯೇ ಗತಿ.

ಮೊದಲು ಈ ವಾದ್ಯದ ಕಟ್ಟಡ ತಿಳಿಯಬೇಕು. ವೀಣೆಯ ದಂಡಿಗೆ ಸಾಟಿಯಾದ ಭಾಗವೇ ಗಿಟಾರಿನ ಕತ್ತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಿಯೋ ಫೆಂಡರ್ ಎಂಬಾತ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ರೇಡಿಯೊದಲ್ಲಿ ಕೆಟ್ಟ ಭಾಗವನ್ನು ಬಿಚ್ಚಿ ಬೇರೆಯದನ್ನು ಹಾಕುವುದು ವಾಡಿಕೆ. ಗಿಟಾರಿಗೂ ಅದೇ ಅನುಕೂಲ ಬಂದಿತು. 1950ರಲ್ಲಿ ಅವನ ಕಂಪನಿ ಮಾರಾಟಕ್ಕೆ ತಂದ ಗಿಟಾರಿನ ಕತ್ತನ್ನು ಒಡಲಿಗೆ ಅಂಟಿಸಿರಲಿಲ್ಲ, ಹಿಂಬದಿಯಿಂದ ನಾಲ್ಕು ತಿರುಪು ಹಾಕಿ ಬಿಗಿದಿದ್ದರು. ಇಂದಿಗೂ ಲೆಕ್ಕವಿಲ್ಲದಷ್ಟು ಗಿಟಾರುಗಳು ಇದೇ ಮಾದರಿಯವು. ತಿರುಪಿನ ಉದ್ದ ಸಾಮಾನ್ಯವಾಗಿ 44 ಮಿಲಿಮೀಟರ್, ದಪ್ಪ ನಾಲ್ಕಕ್ಕಿಂತ ತುಸು ಹೆಚ್ಚು. ಆರು ತಂತಿಗಳ ಎಳೆತ ಸೇರಿದರೆ 40 ಕಿಲೋಗ್ರಾಂ ತೂಕಕ್ಕೆ ಹತ್ತಿರ, ಒಮ್ಮೊಮ್ಮೆ ಅದಕ್ಕೂ ಮೇಲೆ. ಅಷ್ಟನ್ನೂ ತಡೆಯುವುದು ಈ ಕೂಡುಜಾಗ. ಬಿರಡೆಗಳ ಬುಡದಲ್ಲಿಯೂ ಎರಡು ಮಿಲಿಮೀಟರಿನಷ್ಟು ದಪ್ಪದ ಪುಟ್ಟ ತಿರುಪುಗಳಿರುತ್ತವೆ. ಮುರಿಯುವುದರಲ್ಲಿ ಅವು ಇನ್ನೂ ಮುಂದು.

ಉಕ್ಕಿನ ತಿರುಪು ಮರದಲ್ಲಿ ಮುರಿಯುವುದಾದರೂ ಏಕೆ? ಕತ್ತಿಗೆ ಬಳಸುವ ಮೇಪಲ್ ಬಲು ಗಟ್ಟಿ ಮರ. ತೂತು ಕಿರಿದಾಗಿ, ತಿರುಪು ಒಣಗಿದ್ದರೆ ಮರ ಅದನ್ನು ಹಿಡಿದುಬಿಡುತ್ತದೆ. ಮೇಲಿನಿಂದ ಕೈ ತಿರುಗಿಸುತ್ತಲೇ ಇರುತ್ತದೆ, ಕೆಳಗಿನ ತುದಿ ಕದಲುವುದಿಲ್ಲ. ನಡುವೆ ಉಕ್ಕು ಹೊಸೆದುಕೊಂಡು ತುಂಡಾಗುತ್ತದೆ. ಹಳೆಯ ವಾದ್ಯವಾದರೆ ತುಕ್ಕೂ ಸೇರಿಕೊಳ್ಳುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿ ಮರವನ್ನು ಮತ್ತಷ್ಟು ಕಚ್ಚಿಕೊಳ್ಳುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ತಿರುಪು ಕೆಲವು ರೂಪಾಯಿಯದು, ಕತ್ತು ವಾದ್ಯದ ಜೀವ. ಎಷ್ಟೋ ಗಿಟಾರುಗಳಲ್ಲಿ ಕತ್ತಿನ ಮೇಲಿನ ಹಲಗೆ ನಮ್ಮ ಪಶ್ಚಿಮ ಘಟ್ಟದ ಬೀಟೆ ಮರದ್ದು. ಬೀಟೆ ನಿಧಾನವಾಗಿ ಬೆಳೆಯುವ ಮರ. 2017ರಿಂದ ಅದರ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡೂ ಇದೆ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಮರ ಎಷ್ಟು ಉಳಿದೀತು ಎಂದು ಕೇಳಿಕೊಳ್ಳಬೇಕು.

ತಂತಿಗಳನ್ನೆಲ್ಲ ಸಡಿಲಿಸಿ, ಉಳಿದ ಮೂರು ತಿರುಪುಗಳನ್ನು ಬಿಚ್ಚಿ, ಕತ್ತನ್ನು ನೇರವಾಗಿ ಮೇಲೆತ್ತಿ. ಮುರಿದ ತುಂಡು ಮರದಿಂದ ತುಸು ಹೊರಗೆ ಕಾಣಿಸಿದರೆ ಅದೃಷ್ಟ. ಕಚ್ಚಿಕೊಂಡು ನಿಲ್ಲುವ ಇಕ್ಕಳದಿಂದ, ವೈಸ್‌ಗ್ರಿಪ್ ಎನ್ನುತ್ತಾರಲ್ಲ ಅದರಿಂದ, ತುಂಡನ್ನು ಭದ್ರವಾಗಿ ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿ, ತುಸು ಹಿಂದಕ್ಕೆ ಬಿಟ್ಟು, ಮತ್ತೆ ಎಡಕ್ಕೆ ತಿರುಗಿಸಬೇಕು. ಮೀಟಿ ಎಳೆಯಬಾರದು, ಎಳೆದರೆ ಮರದ ಎಳೆಯೇ ಕಿತ್ತು ಬರುತ್ತದೆ.

ಕದಲದಿದ್ದರೆ ಶಾಖ ಕೊಡಿ. ರೇಡಿಯೊ ರಿಪೇರಿಯವರು ಬೆಸುಗೆಗೆ ಬಳಸುವ ಸಾಲ್ಡರಿಂಗ್ ಐರನ್ನಿನ ತುದಿಯನ್ನು ತುಂಡಿನ ತಲೆಗೆ ಅರ್ಧ ನಿಮಿಷ ಮುಟ್ಟಿಸಿ ಹಿಡಿಯಿರಿ. ಕಬ್ಬಿಣ ಹಿಗ್ಗಿ ಸುತ್ತಲಿನ ಮರವನ್ನು ಒತ್ತುತ್ತದೆ, ಆರಿದಾಗ ಕುಗ್ಗುತ್ತದೆ. ಹಳೆಯ ಅಂಟು, ಮೇಣ ಇದ್ದರೆ ಕರಗುತ್ತದೆ. ಬೆಂಕಿಯ ಉರಿಯನ್ನು ಮಾತ್ರ ಹತ್ತಿರ ತರಬೇಡಿ. ಕೆಲವು ಬಗೆಯ ಮೆರುಗೆಣ್ಣೆ ಬೇಗ ಹೊತ್ತಿಕೊಳ್ಳುವಂಥದು. ತಣಿದ ಮೇಲೆ ಇಕ್ಕಳ ಮತ್ತೊಮ್ಮೆ. ಹಿಡಿಯಲು ಸಾಲದಷ್ಟು ಚೂರು ಹೊರಗಿದ್ದರೆ ತೆಳು ಅರದಿಂದ ತಲೆಯ ಮೇಲೆ ಗೀರು ಮಾಡಿ ಸ್ಕ್ರೂಡ್ರೈವರಿನಿಂದ ತಿರುಗಿಸಿ ನೋಡಬಹುದು.

ತುಂಡು ಮರದ ಮಟ್ಟಕ್ಕಿಂತ ಕೆಳಗೆ ಹೋಗಿದ್ದರೆ ಅನೇಕರು ಬೈರಿಗೆ ಹಿಡಿದು ತಿರುಪಿನ ಮೇಲೆಯೇ ಕೊರೆಯಲು ಹೊರಡುತ್ತಾರೆ. ಅದು ಬೇಡ. ಬೈರಿಗೆಯ ಮೊನೆ ಉಕ್ಕಿನ ಮೇಲೆ ಜಾರಿ ಪಕ್ಕದ ಮೆತ್ತನೆಯ ಮರಕ್ಕೆ ಇಳಿಯುತ್ತದೆ. ತಿರುಪು ಅಲ್ಲೇ ಉಳಿದು, ತೂತು ಮಾತ್ರ ಹಾಳಾಗುತ್ತದೆ.

ಇಲ್ಲಿ ಬೇಕಾದ ಉಪಾಯ ನಮ್ಮ ಲಿಂಗಸುಗೂರು ಸೀಮೆಗೆ ಹೊಸತಲ್ಲ. ಹಟ್ಟಿಯಂಥ ಚಿನ್ನದ ಗಣಿಯಲ್ಲಿ ಅದಿರು ಹುಡುಕುವವರು ಬಂಡೆಯನ್ನು ಪುಡಿಮಾಡದೆ, ಟೊಳ್ಳು ಕೊಳವೆಯಿಂದ ಸುತ್ತಲೂ ಕೊರೆದು, ನಡುವಿನ ಕಲ್ಲಿನ ಕಂಬವನ್ನು ಇಡಿಯಾಗಿ ಹೊರತೆಗೆಯುತ್ತಾರೆ. ಗಿಟಾರಿನಲ್ಲಿಯೂ ಹಾಗೆಯೇ. ತಿರುಪಿಗಿಂತ ಕೂದಲೆಳೆಯಷ್ಟೇ ಅಗಲದ ಬಾಯಿಯುಳ್ಳ ತೆಳು ಉಕ್ಕಿನ ಕೊಳವೆಯನ್ನು ಆರಿಸಿಕೊಳ್ಳಿ. ಅದರ ತುದಿಗೆ ಅರದಿಂದ ನಾಲ್ಕಾರು ಹಲ್ಲು ಮಾಡಿ, ಎಡಕ್ಕೆ ತಿರುಗಿದಾಗ ಕೊರೆಯುವಂತೆ ಹಲ್ಲಿನ ಓರೆ ಇರಲಿ. ಡ್ರಿಲ್ಲಿಗೆ ಕಚ್ಚಿಸಿ ಹಿಮ್ಮುಖವಾಗಿ, ನಿಧಾನವಾಗಿ ನಡೆಸಿದರೆ ಒಮ್ಮೊಮ್ಮೆ ತುಂಡು ತಾನಾಗಿಯೇ ತಿರುಗಿ ಸಡಿಲಾಗುತ್ತದೆ. ಇಲ್ಲದಿದ್ದರೆ ಸುತ್ತಲಿನ ಒಂದಿಷ್ಟು ಮರದ ಸಮೇತ ಹೊರಗೆ ಬರುತ್ತದೆ.

ಇದರಲ್ಲಿ ಎರಡು ಎಚ್ಚರಿಕೆ. ಕೊಳವೆ ಆರಂಭದಲ್ಲಿ ಅಲ್ಲಾಡದಂತೆ, ಅದರ ಅಳತೆಗೆ ತೂತು ಕೊರೆದ ಒಂದು ಮರದ ತುಂಡನ್ನು ಕತ್ತಿನ ಮೇಲೆ ಬಿಗಿದು, ಅದರ ಮೂಲಕ ಇಳಿಸಬೇಕು. ಆಳವೂ ಮೊದಲೇ ಗೊತ್ತಾಗಿರಬೇಕು. ಕತ್ತಿನ ಬುಡದ ದಪ್ಪ ಬೀಟೆಯ ಹಲಗೆ ಸೇರಿ ಸುಮಾರು 25 ಮಿಲಿಮೀಟರ್. ತಿರುಪು ಅದರೊಳಗೆ ಇಳಿದಿರುವುದು ಸುಮಾರು 15. ಕೊಳವೆಗೆ ಅಷ್ಟೇ ಅಳತೆಯಲ್ಲಿ ಅಂಟುಪಟ್ಟಿ ಸುತ್ತಿ ಗುರುತು ಮಾಡಿಕೊಳ್ಳಿ. ಮೈಮರೆತರೆ ಬೆರಳಾಡುವ ಹಲಗೆಯ ಮೇಲೆಯೇ ತೂತು ಬೀಳುತ್ತದೆ.

ತುಂಡು ಬಂದ ಮೇಲೆ ಉಳಿದ ತೂತಿಗೆ ಗಟ್ಟಿ ಮರದ ಗೂಟ ಮಾಡಿ, ಮರಗೆಲಸದ ಅಂಟು ಹಚ್ಚಿ ಕೂಡಿಸಿ. ಗೂಟದ ಎಳೆ ಕತ್ತಿನ ಎಳೆಯ ದಿಕ್ಕಿನಲ್ಲೇ ಓಡುವಂತಿದ್ದರೆ ತಿರುಪಿಗೆ ಹಿಡಿತ ಹೆಚ್ಚು. ಒಂದು ಹಗಲು ಒಂದು ರಾತ್ರಿ ಒಣಗಲಿ. ಅನಂತರ 3 ಮಿಲಿಮೀಟರಿಗೆ ತುಸು ಮೇಲ್ಪಟ್ಟ ತೂತು ಕೊರೆದು, ಹೊಸ ತಿರುಪಿಗೆ ಮೇಣದಬತ್ತಿ ಉಜ್ಜಿ, ಕೈಯಿಂದಲೇ ಬಿಗಿಯಿರಿ. ಕೆಲವರು ಸೋಪು ಹಚ್ಚುತ್ತಾರೆ. ಸೋಪು ತೇವವನ್ನು ಎಳೆದುಕೊಂಡು ತುಕ್ಕಿಗೆ ದಾರಿ ಮಾಡುತ್ತದೆ.

ಇನ್ನು ಆ ಹುಡುಗನ ಪೂಜೆಯ ಮಾತು. ಎರಡೇ ದಿನದಲ್ಲಿ ಅವಸರ ಮಾಡಬೇಕಾಗಿಲ್ಲ. 1971ರಿಂದ ಫೆಂಡರ್ ಕಂಪನಿಯೇ ಮೂರು ತಿರುಪಿನ ಗಿಟಾರುಗಳನ್ನು ಹೊರತಂದದ್ದುಂಟು. ಉಳಿದ ಮೂರನ್ನು ಬಿಗಿದಾಗ ಕತ್ತು ಒಡಲಿಗೆ ಸರಿಯಾಗಿ ಕೂತು, ಅಲ್ಲಾಡದೆ ನಿಂತರೆ, ಹಬ್ಬ ಮುಗಿಯುವವರೆಗೆ ನುಡಿಸಲು ಅಡ್ಡಿಯಿಲ್ಲ. ಅಲ್ಲಾಡಿದರೆ ಮಾತ್ರ ತಂತಿ ಏರಿಸಬಾರದು. ಬಿರಡೆಯ ಬುಡದ ಪುಟ್ಟ ತಿರುಪು ಆಳದಲ್ಲಿ ಮುರಿದಿದ್ದು, ಬಿರಡೆ ಬೇರೆ ಹಿಡಿತದಿಂದ ಭದ್ರವಾಗಿದ್ದರೆ, ಅದನ್ನು ಅಲ್ಲಿಯೇ ಬಿಡುವುದೂ ಜಾಣತನವೇ.

ಬಡಿಗನ ಹತ್ತಿರ ವಾದ್ಯ ಒಯ್ಯುವವರು ಇಷ್ಟನ್ನು ಹೇಳಿದರೆ ಸಾಕು: “ಅಣ್ಣಾ, ತಿರುಪು ಹೋದರೆ ಹೋಗಲಿ, ಮರ ಉಳಿಸಿಕೊಡು.” ಉಳಿದದ್ದು ಅವನ ಕೈಗೆ ಗೊತ್ತು.