ವೃದ್ಧಾಶ್ರಮ ಕಟ್ಟುವ ಮುನ್ನ

(ಜಾತ್ರಾ ಮಹೋತ್ಸವದ ಎರಡನೆಯ ದಿನ ಸಂಜೆ, ದೇವಸ್ಥಾನದ ಆವರಣದ ಧರ್ಮಸಭೆಯಲ್ಲಿ ಧರ್ಮದರ್ಶಿಗಳೊಬ್ಬರು ಮಾಡಿದ ಭಾಷಣ)

ನಾಗಲದಿನ್ನೆಯ ಹಾಗೂ ಸುತ್ತಮುತ್ತಲ ಗ್ರಾಮಗಳ ಸದ್ಭಕ್ತರೆ,

ನಾನು ಎಸ್.ಎಸ್.ಎಲ್.ಸಿ. ಓದಿದ ಕಿರಾಣಿ ಅಂಗಡಿಯವನು. ತೂಕ, ಅಳತೆ, ಲೆಕ್ಕ ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ. ಆದ್ದರಿಂದ ಪುರಾಣ ಹೇಳಲು ನಿಂತಿಲ್ಲ. ನಮ್ಮ ಸಮಿತಿಯ ಮುಂದೆ ಒಂದು ಸೂಚನೆ ಬಂದಿದೆ. ಹೊಳೆ ಕಡೆಯ ಹಳೆಯ ಛತ್ರವನ್ನು ರಿಪೇರಿ ಮಾಡಿಸಿ, ದಿಕ್ಕಿಲ್ಲದ 25 ಜನ ಮುದುಕ ಮುದುಕಿಯರಿಗೆ ವೃದ್ಧಾಶ್ರಮ ತೆರೆಯಬೇಕು, ಬರುವ ಜಾತ್ರೆಗೆ ಪೂಜ್ಯರಿಂದಲೇ ಉದ್ಘಾಟನೆ ಆಗಬೇಕು ಎಂದು. ಸೂಚನೆ ತಂದವರು ಪುಣ್ಯವಂತರು. ಆದರೆ ಸಮಿತಿಯಲ್ಲಿ ಅದಕ್ಕೆ ಕೈ ಎತ್ತದವನು ನಾನೊಬ್ಬನೇ. ಯಾಕೆ ಎಂದು ಊರಲ್ಲಿ ಅನೇಕರು ಕೇಳಿದ್ದಾರೆ. ಸ್ವಾಮಿಯ ಎದುರಿನಲ್ಲೇ ಉತ್ತರ ಹೇಳುತ್ತೇನೆ.

ನನ್ನ ಸೋದರತ್ತೆ ಒಬ್ಬರಿದ್ದರು. ಮಕ್ಕಳಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವರು. ಕಾಲು ಬಿದ್ದ ಮೇಲೆ ಮನೆಯಲ್ಲಿ ನೋಡಿಕೊಳ್ಳಲು ಆಗುತ್ತಿಲ್ಲ ಎಂದು ನಾನೇ ಒಂದು ಊರಿನ ವೃದ್ಧಾಶ್ರಮಕ್ಕೆ ಸೇರಿಸಿದೆ. ಊರಿನ ಹೆಸರು ಬೇಡ. ತಿಂಗಳಿಗೆ ಇಷ್ಟು ಎಂದು ಹಣ ಕಟ್ಟುತ್ತಿದ್ದೆ, ಫೋನು ಮಾಡಿ ತಿಳಿಸಿ ಹೋಗುತ್ತಿದ್ದೆ. ಹೋದಾಗಲೆಲ್ಲ ಒಗೆದ ಸೀರೆ, ತಿರುಗುವ ಫ್ಯಾನು, ಟಿ.ವಿ., ಗೋಡೆಯ ಮೇಲೆ ದೇವರ ಪಟ. ನನ್ನ ಮನಸ್ಸು ನೆಮ್ಮದಿ. ಒಂದು ಸಲ ಅಂಗಡಿ ಮಾಲು ತರಲು ಹೋದವನು ಹೇಳದೆ ಕೇಳದೆ ಒಳಗೆ ಹೋದೆ. ಅತ್ತೆ ಒದ್ದೆ ಸೀರೆಯಲ್ಲಿ ಮಲಗಿದ್ದರು. ಸೊಂಟದ ಹತ್ತಿರ ರೂಪಾಯಿ ಅಗಲ ಹುಣ್ಣು. ನೀರಿನ ಚೊಂಬು ಕಿಟಕಿಯಲ್ಲಿತ್ತು, ಅವರ ಕೈಗೆ ಎಟುಕುವಂತಿರಲಿಲ್ಲ. ಕನ್ನಡಕ ಎಲ್ಲಿ ಎಂದರೆ, ಒಡೆದುಕೊಳ್ಳುತ್ತಾರೆ ಅಂತ ಆಫೀಸಿನ ಬೀರುವಿನಲ್ಲಿ ಇಟ್ಟಿದ್ದೇವೆ ಎಂದರು. ಕೊನೆಗಾಲದಲ್ಲಿ ಅತ್ತೆಯ ಬಾಯಲ್ಲಿ ಬರೀ ಕನ್ನಡವೇ ಬರುತ್ತಿತ್ತು. ಅಲ್ಲಿನ ಹುಡುಗಿಯರಿಗೆ ತೆಲುಗು ಬಿಟ್ಟು ಬೇರೆ ತಿಳಿಯದು. ನೀರು ಬೇಕು ಎಂದರೂ ಅರ್ಥವಾಗಿರಲಿಕ್ಕಿಲ್ಲ.

ನಾನು ಕೂಗಾಡಿದೆ. ಅತ್ತೆಯೇ ನನ್ನ ಕೈ ಹಿಡಿದು, "ಅವರೇನು ಮಾಡ್ತಾರೋ ತಮ್ಮಾ, ನಲವತ್ತು ಮಂದಿಗೆ ಇಬ್ರೇ ಹುಡುಗೇರು" ಅಂದರು. ಅದೇ ದಿನ ಮನೆಗೆ ಕರೆತಂದೆ. ಐದು ತಿಂಗಳು ಇದ್ದು ಹೋದರು. ತಪ್ಪು ಆ ಆಶ್ರಮದ್ದು ಎಷ್ಟೋ ನನ್ನದೂ ಅಷ್ಟೇ. ಅಂಗಡಿಗೆ ಒಂದು ಮೂಟೆ ಬೇಳೆ ತರುವಾಗ ಮುಷ್ಟಿ ತೆಗೆದು ಹಲ್ಲಿಗೆ ಹಾಕಿ ನೋಡುವ ನಾನು, ಅತ್ತೆಯನ್ನು ಬಿಡುವಾಗ ರಾತ್ರಿ ಎಷ್ಟು ಜನ ಇರುತ್ತಾರೆ ಎಂದು ಒಂದು ಮಾತು ಕೇಳಲಿಲ್ಲ.

ಆಮೇಲೆ ನಾಲ್ಕಾರು ಆಶ್ರಮ ನೋಡಿದೆ, ನರ್ಸುಗಳನ್ನು, ಡಾಕ್ಟರನ್ನು ಕೇಳಿದೆ. ಏಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಇಲ್ಲದಿದ್ದರೆ ಹುಣ್ಣು ತಪ್ಪದು. ಮುದುಕರು ಬೀಳುವುದು ಹೆಚ್ಚಾಗಿ ಕತ್ತಲಲ್ಲಿ ಪಾಯಖಾನೆಗೆ ಎದ್ದಾಗ. ಆದ್ದರಿಂದ ದೀಪ ಆರಬಾರದು, ಗೋಡೆಗೆ ಹಿಡಿಕೆ ಇರಬೇಕು, ನೆಲ ಜಾರಬಾರದು. ರಾತ್ರಿ ಎಬ್ಬಿಸುವ ಕೆಲಸ ತಪ್ಪಲೆಂದು ಸಂಜೆಯಿಂದ ನೀರನ್ನೇ ಕಡಿಮೆ ಕೊಡುವವರೂ ಇದ್ದಾರೆ. ಇದನ್ನು ಕೇಳಿ ನನಗೆ ಶ್ರವಣಕುಮಾರನ ಹರಿಕಥೆ ನೆನಪಾಯಿತು. ಆ ಕುರುಡು ತಾಯಿ ತಂದೆ ಮಗನನ್ನು ಕೇಳಿದ್ದು ಕುಡಿಯುವ ನೀರು, ಅಷ್ಟೇ. ಇನ್ನು ಸಂಜೆ ಆರಕ್ಕೆ ಊಟ ಹಾಕಿ ಮರುದಿನ ಎಂಟಕ್ಕೆ ಉಪ್ಪಿಟ್ಟು ಕೊಟ್ಟರೆ ನಡುವೆ ಹದಿನಾಲ್ಕು ತಾಸು ಹೊಟ್ಟೆ ಖಾಲಿ. ಹಲ್ಲಿಲ್ಲದವರಿಗೆ ಜೋಳದ ರೊಟ್ಟಿಯನ್ನು ಹಾಲಲ್ಲೋ ಸಾರಲ್ಲೋ ನೆನೆಸಿಕೊಡಲು ಒಬ್ಬರಿಗೆ ಕಾಲು ಗಂಟೆ ಹಿಡಿಯುತ್ತದೆ. 25 ಜನಕ್ಕೆ ಎಷ್ಟಾಯಿತು ಲೆಕ್ಕ ಹಾಕಿ.

ನನ್ನದೊಂದು ಅಂಗಡಿ ಬುದ್ಧಿಯ ಮಾತು. ಆಶ್ರಮದಲ್ಲಿ ಒಂದು ತೂಕದ ಯಂತ್ರ ಇಟ್ಟು ಪ್ರತಿ ತಿಂಗಳು ಪ್ರತಿಯೊಬ್ಬರ ತೂಕ ಪುಸ್ತಕದಲ್ಲಿ ಬರೆಯಬೇಕು. ತೂಕ ಇಳಿಯುತ್ತಾ ಹೋದರೆ, ಒಂದೋ ರೋಗವಿದೆ, ಇಲ್ಲ ಅನ್ನ ಸೇರುತ್ತಿಲ್ಲ. ಬಣ್ಣದ ಗೋಡೆ ಸುಳ್ಳು ಹೇಳಬಹುದು, ತಕ್ಕಡಿ ಹೇಳುವುದಿಲ್ಲ. ಡಾಕ್ಟರು ಇದಕ್ಕೆ ಒಪ್ಪಿದರು.

ಇನ್ನು ಕಾನೂನು. 2007ರಲ್ಲಿ ಕೇಂದ್ರ ಸರ್ಕಾರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಮಾಡಿತು. ಮಕ್ಕಳು ನೋಡದಿದ್ದರೆ ಆರ್.ಡಿ.ಓ. ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹೊಲ ಮನೆ ಬರೆದುಕೊಟ್ಟಿದ್ದು, ಮಗ ಮಾತಿಗೆ ತಪ್ಪಿದರೆ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಪತ್ರದಲ್ಲೇ ಇರಲಿ, ಬಾಯಿಮಾತು ನಂಬಿ ಹೆಬ್ಬೆಟ್ಟು ಒತ್ತಬೇಡಿ ಎಂದು ಇಲ್ಲಿ ಕುಳಿತ ಹಿರಿಯರಿಗೆ ಕೈಮುಗಿದು ಹೇಳುತ್ತೇನೆ. ಅದೇ ಕಾಯ್ದೆಯಲ್ಲಿ, ಜಿಲ್ಲೆಗೊಂದಾದರೂ 150 ಜನ ಬಡ ವೃದ್ಧರಿಗೆ ಸಾಲುವ ಆಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದಿದೆ. 'ಸ್ಥಾಪಿಸಬಹುದು' ಎಂದಿದೆ, 'ಸ್ಥಾಪಿಸಲೇಬೇಕು' ಎಂದಿಲ್ಲ. ಆ ಒಂದು ಪದದಲ್ಲಿ ಎಷ್ಟೋ ಜಿಲ್ಲೆಗಳ ಮುದುಕರು ಉಳಿದುಹೋದರು. 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಯಾವ ಜಿಲ್ಲೆಯಲ್ಲಿ ಎಷ್ಟು ಆಶ್ರಮ ಇವೆ ಎಂಬ ಲೆಕ್ಕವನ್ನಾದರೂ ತೆಗೆದುಕೊಳ್ಳಿ ಎಂದು ಸರ್ಕಾರಕ್ಕೆ ಹೇಳಬೇಕಾಯಿತು.

ಖಾಸಗಿ ಆಶ್ರಮಗಳೂ ನೋಂದಣಿ ಮಾಡಿಸಬೇಕು, ಕನಿಷ್ಠ ಮಟ್ಟ ಕಾಯಬೇಕು ಎಂಬ ತಿದ್ದುಪಡಿ 2019ರಲ್ಲಿ ಲೋಕಸಭೆಗೆ ಬಂತು. ಪಾಸಾಗಲಿಲ್ಲ. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ನನ್ನ ತಕ್ಕಡಿಗೆ ಇನ್‌ಸ್ಪೆಕ್ಟರು ಬಂದು ಮುದ್ರೆ ಹಾಕುತ್ತಾರೆ, ಮುದ್ರೆ ಇಲ್ಲದಿದ್ದರೆ ದಂಡ. ಮನುಷ್ಯರನ್ನು ಇಡುವ ಮನೆಗೆ ಅಂಥ ಮುದ್ರೆಯ ಕಟ್ಟುನಿಟ್ಟು ಇನ್ನೂ ಬಂದಿಲ್ಲ.

ಆದರೂ ಕಾಯ್ದೆಯ ಹಿಂದೆಯೇ ಕೇಂದ್ರ ಕಳಿಸಿದ ಮಾದರಿ ನಿಯಮಗಳಿವೆ. ಮಲಗುವ ಜಾಗ ಒಬ್ಬರಿಗೆ ಏಳೂವರೆ ಚದರ ಮೀಟರು, ಎಂದರೆ ಸುಮಾರು 80 ಚದರ ಅಡಿ. ಅಡಿಗೆಮನೆ, ಊಟದ ಮನೆ ಮುಂತಾದವು ಸೇರಿ 12 ಚದರ ಮೀಟರು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆ, ರೋಗಿಗಳಿಗೆ ಬೇರೆ ಜಾಗ, ಹತ್ತಿರದ ಸರ್ಕಾರಿ ಆಸ್ಪತ್ರೆಯೊಂದಿಗೆ ಏರ್ಪಾಡು. ನಮ್ಮ ಛತ್ರದ ಹಾಲನ್ನು ನಾನೇ ಟೇಪು ಹಿಡಿದು ಅಳೆದೆ. 30 ಅಡಿ, 20 ಅಡಿ. 600 ಚದರ ಅಡಿಯಲ್ಲಿ ಏಳು ಜನ ಮಲಗಬಹುದು. ನಾವು 25 ಎಂದು ಬರೆದಿದ್ದೇವೆ.

ಜಾಗದ ಮಾತೂ ಇದೆ. 2009ನೇ ಅಕ್ಟೋಬರ್ 2ರ ತುಂಗಭದ್ರೆಯ ಪ್ರವಾಹ ಈ ಊರಿನವರು ಯಾರೂ ಮರೆತಿಲ್ಲ. ಮಂತ್ರಾಲಯ ಮುಳುಗಿತು, ನಮ್ಮ ಸೇತುವೆ ಕೊಚ್ಚಿಹೋಯಿತು. ಅಂದು ಮಂಚ ಹಿಡಿದವರನ್ನು ಹೆಗಲ ಮೇಲೆ ಹೊತ್ತು ದಿನ್ನೆಗೆ ಸಾಗಿಸಿದವರಲ್ಲಿ ನಾನೂ ಒಬ್ಬ. ಒಬ್ಬರಿಗೆ ನಾಲ್ಕು ಆಳು ಬೇಕಾಯಿತು. ಛತ್ರದ ಗೋಡೆಯ ಮೇಲೆ ನೀರು ನಿಂತ ಗುರುತು ಸುಣ್ಣದ ಕೆಳಗೆ ಈಗಲೂ ಕಾಣುತ್ತದೆ. ಅಲ್ಲಿ 25 ಜನ ನಡೆಯಲಾರದವರನ್ನು ಇಟ್ಟು, ರಾತ್ರಿ ಒಬ್ಬ ಕಾವಲುಗಾರನನ್ನು ಬಿಟ್ಟು ನಾವು ಮನೆಗೆ ಹೋಗಿ ಮಲಗುವುದೇ?

ಪುಣ್ಯಕ್ಷೇತ್ರದಲ್ಲಿ ಇದ್ದ ಮಾತ್ರಕ್ಕೆ ದೇವರೇ ಕಾಯುತ್ತಾನೆ ಎನ್ನಬೇಡಿ. ತಮಿಳುನಾಡಿನ ಏರ್ವಾಡಿ ದರ್ಗಾ ಎಲ್ಲ ಮತದವರೂ ಹೋಗುವ ಜಾಗ. ಅದರ ಸುತ್ತ ಬುದ್ಧಿ ಕೆಟ್ಟವರನ್ನು ಇಟ್ಟುಕೊಳ್ಳುವ ಖಾಸಗಿ ಮನೆಗಳು ಎದ್ದಿದ್ದವು. 2001ನೇ ಆಗಸ್ಟ್ 6ರಂದು ಅಂಥ ಒಂದು ಮನೆಗೆ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡಲಾರದೆ 28 ಜನ ಸುಟ್ಟುಹೋದರು. ಅಲ್ಲಿ ಬಿಟ್ಟುಬಂದ ಮನೆಯವರೂ ಕೈಮುಗಿದೇ ಬಂದಿರುತ್ತಾರೆ.

ಹಾಗಾದರೆ ಮುದುಕರ ಗತಿ ಏನು ಎಂದು ಕೇಳುತ್ತೀರಿ. ನಮ್ಮ ಸೀಮೆಯ ಕಷ್ಟ ಬೇರೆ ಥರ. ಇಲ್ಲಿ ಮಕ್ಕಳು ತಂದೆತಾಯಿಗಳನ್ನು ದೂಡುವುದು ಕಡಿಮೆ, ಹೊಟ್ಟೆಪಾಡು ದೂಡುವುದು ಹೆಚ್ಚು. ಮಳೆ ಕೈಕೊಟ್ಟರೆ ದೀಪಾವಳಿ ಮುಗಿಯುತ್ತಲೇ ಗುಂಟೂರಿಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಮನೆಮಂದಿಯೆಲ್ಲ ಲಾರಿ ಹತ್ತುತ್ತಾರೆ. ಇನ್ನು ಕೆಲವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ. ಮನೆಯಲ್ಲಿ ಉಳಿಯುವವರು ಮುದುಕಿ, ಒಂದು ಆಡು, ಬೀಗ ಹಾಕಿದ ಕೋಣೆ. 2024ರ ಜುಲೈಯಿಂದ ಪಿಂಚಣಿ 4000 ರೂಪಾಯಿ ಆಗಿದೆ, ಅಕ್ಕಿಯೂ ಇದೆ. ಒಲೆ ಹಚ್ಚಲು ಕೈಯಲ್ಲಿ ಶಕ್ತಿ ಇಲ್ಲ. ಅವರಿಗೆ ಬೇಕಾದದ್ದು ನಮ್ಮ ಹಾಲಿನ ಮಂಚವಲ್ಲ. ತಮ್ಮ ಮನೆಯಲ್ಲೇ ಬಿಸಿ ಊಟ, ದಿನಕ್ಕೊಮ್ಮೆ ಬಾಗಿಲು ತಟ್ಟಿ "ಅವ್ವಾ, ಹೆಂಗಿದ್ದೀ" ಎನ್ನುವವರು, ವಾರಕ್ಕೊಮ್ಮೆ ಬಿ.ಪಿ. ನೋಡುವ ನರ್ಸಮ್ಮ.

ಆದ್ದರಿಂದ ನನ್ನ ಸೂಚನೆ ಇಷ್ಟು. ಛತ್ರದ ರಿಪೇರಿಗೆ ಕೂಡಿಸಿದ ಹಣದಲ್ಲಿ ಮೊದಲು ಕಾರ್ತೀಕದಿಂದ ಯುಗಾದಿವರೆಗೆ ದೇವಸ್ಥಾನದ ಅಡಿಗೆಮನೆಯಿಂದ ಮನೆಮನೆಗೆ ಊಟದ ಡಬ್ಬಿ ಕಳಿಸೋಣ. ಊಟ ಕೊಟ್ಟವರು ಪುಸ್ತಕದಲ್ಲಿ ದಿನಾಲು ಸಹಿ ಮಾಡಲಿ. ಯಾರಾದರೂ ಡಬ್ಬಿ ಮುಟ್ಟದೆ ಬಿಟ್ಟರೆ ಅಂದೇ ತಿಳಿಯುತ್ತದೆ. ಕಷ್ಟದಲ್ಲಿರುವವರಿಗೆ 14567 ಎಂಬ ಹಿರಿಯರ ಸಹಾಯವಾಣಿ ಇದೆ, ಆ ಸಂಖ್ಯೆಯನ್ನು ಡಬ್ಬಿಯ ಮೇಲೇ ಬರೆಸೋಣ. ನಿಜವಾಗಿಯೂ ಯಾರೂ ಇಲ್ಲದವರು ನಮ್ಮೂರಲ್ಲಿ ನಾಲ್ಕೈದು ಜನ. ಅವರಿಗೆ ದಿನ್ನೆಯ ಮೇಲಿನ ದೇವಸ್ಥಾನದ ಜಾಗದಲ್ಲಿ ಏಳು ಜನ ಹಿಡಿಯುವ ಸಣ್ಣ ಮನೆ ಕಟ್ಟೋಣ, ಹಗಲಿಗೆ ಇಬ್ಬರು, ರಾತ್ರಿಗೆ ಎಚ್ಚರವಿರುವ ಇಬ್ಬರು, ಅವರಲ್ಲಿ ಒಬ್ಬರಿಗಾದರೂ ಕನ್ನಡ ಬರಬೇಕು. ಪಿಂಚಣಿ ಹಣ ಅವರವರ ಕೈಗೇ. ಅವರ ಟ್ರಂಕು, ಕನ್ನಡಕ, ಎಲೆಅಡಿಕೆ ಚೀಲ ಅವರವರ ತಲೆದೆಸೆಯಲ್ಲೇ. ಸಮಿತಿಯವರಾದ ನಾವು ಸರದಿಯ ಮೇಲೆ, ಹೇಳದೆ, ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ ನೋಡಬೇಕು. ಉದ್ಘಾಟನೆ ಒಂದು ವರ್ಷ ತಡವಾದರೆ ಆಗಲಿ. ಪೂಜ್ಯರು ಕ್ಷಮಿಸುತ್ತಾರೆ.

ತೇರು ಎಳೆದ ಮೂರನೆಯ ದಿನ ಸಮಿತಿಯ ಸಭೆ. ಅಷ್ಟರಲ್ಲಿ ನಿಮ್ಮ ಓಣಿಯಲ್ಲಿ ಒಬ್ಬರೇ ಉಳಿಯುವ ಹಿರಿಯರ ಹೆಸರು ಬರೆಸಿ. ಪುಸ್ತಕ ನನ್ನ ಅಂಗಡಿಯಲ್ಲಿ ಗಲ್ಲೆಯ ಪಕ್ಕ ಇಟ್ಟಿದ್ದೇನೆ. ನಿನ್ನೆ ಸಂಜೆಯವರೆಗೆ ಹನ್ನೊಂದು ಹೆಸರು ಬಂದಿವೆ.