ಒಡೆಯನಿಲ್ಲದ ಬಲೆ

(ಜುಮಾ ಖುತ್ಬಾದ ಸಾರಾಂಶ)

 

ಸಹೋದರರೇ, ಬೆಕ್ಕನ್ನು ಕಟ್ಟಿಹಾಕಿ ಶಿಕ್ಷೆಗೆ ಗುರಿಯಾದ ಹೆಂಗಸಿನ ವಿಷಯ ನಮ್ಮ ಮಕ್ಕಳು ಮದ್ರಸದ ಕೆಳ ತರಗತಿಯಲ್ಲೇ ಕಲಿಯುತ್ತಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಬಂದಿರುವ ಹದೀಸ್ ಅದು. ಆಕೆ ಬೆಕ್ಕನ್ನು ಹೊಡೆದು ಕೊಂದಳೆಂದು ಅಲ್ಲಿ ಹೇಳಿಲ್ಲ. ತಾನು ತಿನ್ನಲು ಕೊಡಲಿಲ್ಲ, ಹೊರಗೆ ಹೋಗಿ ಹುಳುಹುಪ್ಪಟೆ ಹಿಡಿದು ತಿನ್ನಲೂ ಬಿಡಲಿಲ್ಲ. ಕಟ್ಟಿದಳು, ಬಿಚ್ಚಲಿಲ್ಲ. ಇಂದು ಈ ಹದೀಸನ್ನು ಕಡಲಿನ ತನಕ ಕೊಂಡುಹೋಗೋಣ. ಏಕೆಂದರೆ ಕಟ್ಟಿ ಬಿಚ್ಚದೆ ಬಿಡುವ ಕೆಲಸ ಇವತ್ತು ಅಲ್ಲಿ ಬಹಳ ನಡೆಯುತ್ತಿದೆ. ಅದನ್ನು ಬಿಚ್ಚಲೆಂದೇ ನೀರಿಗೆ ಇಳಿಯುವ ಜನರೂ ಇದ್ದಾರೆ.

ಕಡಲಲ್ಲಿ ಕಳೆದುಹೋದ ಬಲೆ ಸುಮ್ಮನೆ ಮಲಗಿರುವುದಿಲ್ಲ. ನಮ್ಮಲ್ಲಿ ದೋಣಿಯವರು ಅನೇಕರಿದ್ದಾರೆ, ಅವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇವೆ. ಮೇಲೆ ಬೆಂಡು, ಕೆಳಗೆ ಸೀಸದ ಗುಂಡು, ನಡುವೆ ಗೋಡೆಯಂತೆ ನಿಂತ ಬಲೆ. ಎಳೆಯುವವನಿಲ್ಲದಿದ್ದರೂ ಅದಕ್ಕೆ ಮೀನು ಸಿಕ್ಕಿಬೀಳುತ್ತದೆ. ಸತ್ತ ಮೀನಿನ ವಾಸನೆಗೆ ಏಡಿ ಬರುತ್ತದೆ, ಅದೂ ಸಿಕ್ಕಿಬೀಳುತ್ತದೆ. ಭಾರಕ್ಕೆ ಬಲೆ ತಳಕ್ಕೆ ಕುಸಿಯುತ್ತದೆ. ಸತ್ತದ್ದೆಲ್ಲ ಕೊಳೆತು ಕರಗಿದ ಮೇಲೆ ಹಗುರವಾಗಿ ಮತ್ತೆ ಏಳುತ್ತದೆ, ಮತ್ತೆ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಘೋಸ್ಟ್ ನೆಟ್ ಎನ್ನುತ್ತಾರೆ, ಪತ್ರಿಕೆಯವರು ಭೂತಬಲೆ ಎಂದು ಬರೆಯುತ್ತಾರೆ. ಆ ಹೆಸರು ನಮಗೆ ಅಷ್ಟು ಹಿಡಿಸುವುದಿಲ್ಲ. ಭೂತದ ಮೇಲೆ ಹೊರಿಸಿಬಿಟ್ಟರೆ ಮನುಷ್ಯ ತಪ್ಪಿಸಿಕೊಂಡಂತಾಗುತ್ತದೆ. ಒಡೆಯನಿಲ್ಲದ ಬಲೆ ಎಂದರೆ ಸಾಕು.

ನಮ್ಮ ಅಜ್ಜಂದಿರ ಕಾಲದಲ್ಲೂ ಬಲೆ ಕಳೆದುಹೋಗುತ್ತಿತ್ತು. ಆದರೆ ಆ ಬಲೆಗಳು ಹತ್ತಿಯವು, ಸೆಣಬಿನವು. ಮರದ ತೊಗಟೆ ಕುದಿಸಿದ ನೀರಿನಲ್ಲಿ ಅದ್ದಿ, ಮರಳಿನ ಮೇಲೆ ಒಣಗಿಸಿ ಜೋಪಾನ ಮಾಡದಿದ್ದರೆ ಮನೆಯ ಅಂಗಳದಲ್ಲೇ ಕೊಳೆಯುತ್ತಿದ್ದವು. ಇನ್ನು ಕಡಲಲ್ಲಿ ಬಿದ್ದರೆ ಎಷ್ಟು ದಿನ ಉಳಿದಾವು? ನೈಲಾನ್ ಬಂದ ಮೇಲೆ ಆ ಕಷ್ಟ ತಪ್ಪಿತು. ನೈಲಾನ್ ಅನ್ನು ನಾವು ಬೈಯುತ್ತಿಲ್ಲ, ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ. ಆದರೆ ಕೊಳೆಯದಿರುವುದು ಅದರ ಗುಣ, ಅದೇ ಅದರ ದೋಷವೂ ಹೌದು. ಸದಕಾ ಜಾರಿಯಾ ಬಗ್ಗೆ ನಾವು ಪದೇಪದೇ ಮಾತಾಡುತ್ತೇವೆ. ಬಾವಿ ತೋಡಿಸಿದವನು ಸತ್ತರೂ ನೀರು ಕುಡಿದವರ ಪ್ರತಿಫಲ ಅವನಿಗೆ ಸಲ್ಲುತ್ತದೆ. ಹಾಗಾದರೆ ಬೇಕೆಂದೇ ಕಡಲಿಗೆ ಎಸೆದ ಬಲೆ ಎಸೆದವನ ಕಾಲದ ನಂತರವೂ ಕೊಲ್ಲುತ್ತಲೇ ಇದ್ದರೆ ಅದು ಯಾರ ಲೆಕ್ಕಕ್ಕೆ ಸೇರುತ್ತದೆ? ಈ ಪ್ರಶ್ನೆ ಪ್ರತಿಯೊಬ್ಬನೂ ತನ್ನ ಮನಸ್ಸಿಗೇ ಕೇಳಿಕೊಳ್ಳಬೇಕಾದದ್ದು.

ಈಗ ಮಾಲ್ದೀವ್ಸ್‌ನ ವಿಷಯಕ್ಕೆ ಬರೋಣ. ನಮ್ಮ ಕರಾವಳಿಯಿಂದ ನೈಋತ್ಯಕ್ಕೆ, ಲಕ್ಷದ್ವೀಪ ದಾಟಿದರೆ ಸಿಗುವ ಮುಸ್ಲಿಮ್ ದೇಶ. ಅಲ್ಲಿಯವರು ಕೇದರ ಮೀನನ್ನು ಇಂದಿಗೂ ಕೋಲು ಮತ್ತು ಗಾಳದಿಂದ ಒಂದೊಂದಾಗಿ ಎಳೆದು ಹಿಡಿಯುತ್ತಾರೆ. ಆಮಿಷದ ಸಣ್ಣ ಮೀನಿಗೆ ಸಣ್ಣ ಬಲೆ ಬಳಸುವುದು ಬಿಟ್ಟರೆ ದೊಡ್ಡ ಬಲೆಗಳ ಮೀನುಗಾರಿಕೆ ಅವರದಲ್ಲ. ಆದರೂ ಅವರ ಹವಳದ ದಿಬ್ಬಗಳಿಗೆ ದೊಡ್ಡ ದೊಡ್ಡ ಬಲೆಯ ರಾಶಿಗಳು ತೇಲಿ ಬಂದು ಸಿಕ್ಕಿಕೊಳ್ಳುತ್ತವೆ. ಅವು ಸುತ್ತಲಿನ ದೇಶಗಳ ಕಡಲಿನಿಂದ ಪ್ರವಾಹದಲ್ಲಿ ಬಂದವು. ಈಶಾನ್ಯ ಮಾರುತದ ತಿಂಗಳುಗಳಲ್ಲಿ ನೀರು ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ, ಬಲೆಯೂ ಜೊತೆಗೆ ಹರಿಯುತ್ತದೆ.

ಆ ಬಲೆಗಳಲ್ಲಿ ಹೆಚ್ಚಾಗಿ ಸಿಕ್ಕಿರುವುದು ಆಲಿವ್ ರಿಡ್ಲಿ ಎಂಬ ಕಡಲಾಮೆ. ವಿಚಿತ್ರವೆಂದರೆ ಆ ಆಮೆ ಮಾಲ್ದೀವ್ಸ್‌ನಲ್ಲಿ ಮೊಟ್ಟೆಯಿಡುವುದೇ ಅಪರೂಪ. ಅವುಗಳ ವಂಶವಾಹಿ ಪರೀಕ್ಷೆ ಮಾಡಿದವರು ಬಹುಮಟ್ಟಿಗೆ ಶ್ರೀಲಂಕಾ ಮತ್ತು ಭಾರತದ ಪೂರ್ವ ಕರಾವಳಿಯತ್ತ ಬೆರಳು ತೋರಿಸಿದ್ದಾರೆ. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಿಗೆ ಸಾವಿರಾರು ಆಮೆಗಳು ಒಟ್ಟಿಗೆ ಬರುವುದನ್ನು ಚಿತ್ರಗಳಲ್ಲಿ ನೋಡಿದ್ದೀರಿ. ಅದೇ ಜಾತಿಯ ಆಮೆ ನಮ್ಮ ಹೊನ್ನಾವರದ ಮರಳಿಗೂ ಬಂದು ಮೊಟ್ಟೆಯಿಡುತ್ತದೆ. ಅಂದರೆ ಬಲೆಯೂ ಹೊರಗಿನದು, ಆಮೆಯೂ ಹೊರಗಿನದು. ಬಿಚ್ಚುವ ಕೆಲಸ ಮಾತ್ರ ಅಲ್ಲಿರುವವರ ಪಾಲಿಗೆ.

ಆ ಕೆಲಸಕ್ಕಾಗಿ 2013ರಲ್ಲಿ ಆಲಿವ್ ರಿಡ್ಲಿ ಪ್ರಾಜೆಕ್ಟ್ ಎಂಬ ಸಂಸ್ಥೆ ಹುಟ್ಟಿತು. ಮುಳುಗುಗಾರರು, ದ್ವೀಪದ ನಿವಾಸಿಗಳು, ರೆಸಾರ್ಟ್ ನೌಕರರು, ಎಷ್ಟೋ ಮಂದಿ ಸಂಬಳವಿಲ್ಲದೆ ಅದರ ಜೊತೆ ಕೈಜೋಡಿಸಿದರು. ಬಲೆ ಕಂಡರೆ ತಿಳಿಸುವುದು, ಕತ್ತರಿಸಿ ತೆಗೆಯುವುದು, ಬಲೆಯ ಕಣ್ಣು, ದಾರದ ದಪ್ಪ, ಬಣ್ಣ ಬರೆದಿಡುವುದು. ಗಾಯಗೊಂಡ ಆಮೆಗಳಿಗಾಗಿ 2017ರಲ್ಲಿ ಬಾ ಅಟೋಲ್‌ನಲ್ಲಿ ಪಶುವೈದ್ಯರಿರುವ ಆಸ್ಪತ್ರೆಯೂ ಆಯಿತು. ಅಲ್ಲಿಗೆ ಬರುವ ಆಮೆಗಳಲ್ಲಿ ಎಷ್ಟಕ್ಕೋ ಮುಂಗಾಲಿನ ರೆಕ್ಕೆ ಇರುವುದಿಲ್ಲ, ನೈಲಾನ್ ದಾರ ಎಲುಬಿನ ತನಕ ಕೊಯ್ದಿರುತ್ತದೆ. ಕೆಲವಕ್ಕೆ ದೇಹದೊಳಗೆ ಗಾಳಿ ಸೇರಿ ಮುಳುಗಲಿಕ್ಕೇ ಆಗುವುದಿಲ್ಲ. ಮುಳುಗಲಾರದ ಆಮೆ ತಿನ್ನಲಾರದು. ಹದೀಸಿನ ಬೆಕ್ಕು ನೆನಪಾಗುವುದು ಇಲ್ಲಿಯೇ.

ಈ ಮುಳುಗುಗಾರರ ಕೆಲಸ ಎಷ್ಟು ಕಠಿಣವೆಂದು ಸ್ವಲ್ಪ ಹೇಳಬೇಕು. ಯುರೋಪಿನಲ್ಲಿ ನೆದರ್ಲೆಂಡ್ಸ್‌ನ ಕೆಲವು ಮುಳುಗುಗಾರರು ಉತ್ತರ ಸಮುದ್ರದಲ್ಲಿ ಮುಳುಗಿದ ಹಳೆಯ ಹಡಗುಗಳನ್ನು ನೋಡಲು ಹೋಗುತ್ತಿದ್ದವರು, ಅವುಗಳಿಗೆ ಸುತ್ತಿಕೊಂಡ ಬಲೆಗಳನ್ನು ಕಂಡು ಇದೇ ಕೆಲಸಕ್ಕೆ ನಿಂತರು. ಇಂದು ಘೋಸ್ಟ್ ಡೈವಿಂಗ್ ಹೆಸರಿನಲ್ಲಿ ಅವರ ತಂಡಗಳು ಹಲವು ದೇಶಗಳಲ್ಲಿವೆ. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಸಾಮಾನ್ಯ ಗಾಳಿಯ ಸಿಲಿಂಡರಿನಲ್ಲಿ ಸುಮಾರು 20 ನಿಮಿಷಕ್ಕಿಂತ ಹೆಚ್ಚು ಅಲ್ಲಿ ನಿಂತರೆ ನೇರವಾಗಿ ಮೇಲೆ ಬರುವಂತಿಲ್ಲ, ನಡುನಡುವೆ ತಡೆದು ತಡೆದು ಬರಬೇಕು. ಅವಸರ ಮಾಡಿದರೆ ರಕ್ತದಲ್ಲಿ ಗುಳ್ಳೆ ಎದ್ದು ಪ್ರಾಣಕ್ಕೇ ಕುತ್ತು. ಕೆಸರು ಎದ್ದರೆ ಕೈ ಕಾಣದು. ಆಮೆಯನ್ನು ಹಿಡಿದ ಬಲೆ ಮನುಷ್ಯನ ಸಿಲಿಂಡರಿನ ತಿರುಪನ್ನೂ ಹಿಡಿಯುತ್ತದೆ. ಅದಕ್ಕಾಗಿ ಯಾರೂ ಒಬ್ಬರೇ ಇಳಿಯುವುದಿಲ್ಲ, ಚಾಕು ಒಂದಲ್ಲ ಎರಡು ಇರುತ್ತದೆ. ಕತ್ತರಿಸಿದ ಬಲೆಗೆ ದಪ್ಪ ಚೀಲ ಕಟ್ಟಿ ಅದಕ್ಕೆ ಗಾಳಿ ತುಂಬಿಸಿ ಮೇಲಕ್ಕೆ ಕಳುಹಿಸುತ್ತಾರೆ. ಅದಕ್ಕೂ ಮೊದಲು ಜೀವ ಇರುವುದನ್ನೆಲ್ಲ ಬಿಡಿಸುತ್ತಾರೆ. ಹೀಗೆ ತೆಗೆದ ನೈಲಾನ್ ಬಲೆಗಳು ಸ್ಲೊವೇನಿಯಾದ ಕಾರ್ಖಾನೆಯೊಂದರಲ್ಲಿ ಮತ್ತೆ ನೂಲಾಗಿ, ಕಾಲುಚೀಲ, ಜಮಖಾನೆ ಆಗುತ್ತವೆ.

ಯುವಕರು ಇದನ್ನು ಕೇಳಿ ನಾಳೆಯೇ ಕಡಲಿಗೆ ಹಾರಬಾರದು. ತರಬೇತಿ ಇಲ್ಲದೆ ಇಳಿಯುವುದು ಸೇವೆಯಲ್ಲ. ಕೈಯಾರೆ ತನ್ನನ್ನು ನಾಶಕ್ಕೆ ತಳ್ಳಿಕೊಳ್ಳಲು ನಮ್ಮ ದೀನ್ ಅನುಮತಿಸುವುದಿಲ್ಲ.

ಇನ್ನೊಂದು ಸಂಗತಿ ನಮಗೆ ಬಹಳ ಹಿಡಿಸಿತು. ಬಲೆ ತುಂಬ ಹಳೆಯದಾಗಿ ಅದರ ಮೇಲೆ ಹವಳ ಬೆಳೆದುಬಿಟ್ಟಿದ್ದರೆ ಅನುಭವಿ ಮುಳುಗುಗಾರರು ಅದನ್ನು ಎಳೆಯುವುದಿಲ್ಲ. ಸಡಿಲವಾದ ಭಾಗ ಮಾತ್ರ ಕತ್ತರಿಸಿ ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ಎಳೆದರೆ ಹವಳ ಒಡೆಯುತ್ತದೆ. ಒಂದು ಹಾನಿಯನ್ನು ಅಷ್ಟೇ ದೊಡ್ಡ ಇನ್ನೊಂದು ಹಾನಿಯಿಂದ ನೀಗಿಸುವಂತಿಲ್ಲ ಎಂಬ ಫಿಕ್‌ಹ್ ನಿಯಮವನ್ನು ಉಲಮಾಗಳು ಶತಮಾನಗಳಿಂದ ಕಲಿಸಿದ್ದಾರೆ. ಆ ಕಿತಾಬುಗಳನ್ನು ನೋಡಿರದವರೂ ನೀರಿನಡಿಯಲ್ಲಿ ಅದರಂತೆಯೇ ನಡೆಯುತ್ತಾರೆ.

ದಾರಿಯಿಂದ ಮುಳ್ಳು, ಕಲ್ಲು ತೆಗೆಯುವುದನ್ನು ಪ್ರವಾದಿ(ಸ) ಈಮಾನಿನ ಶಾಖೆಗಳಲ್ಲಿ ಸೇರಿಸಿದ್ದಾರೆ. ತಾನು ಹಾಕದ ಮುಳ್ಳನ್ನು ತೆಗೆಯುವುದು ದೊಡ್ಡ ವಿಷಯ, ಸರಿ. ಆದರೆ ಮುಳ್ಳು ಹಾಕಿದವನ ಮಾತೂ ಬರಬೇಕಲ್ಲ? ಬಲೆ ಎಲ್ಲವೂ ಎಸೆದದ್ದಲ್ಲ. ಗಾಳಿಮಳೆಗೆ ಹೋಗುತ್ತದೆ, ಬಂಡೆಗೆ ಸಿಕ್ಕಿ ಹರಿಯುತ್ತದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ. 1988ರ ಕೊನೆಯಿಂದ ಜಾರಿಯಲ್ಲಿರುವ ಮಾರ್ಪೋಲ್ ಒಪ್ಪಂದದ ಐದನೇ ಅನುಬಂಧ ಪ್ಲಾಸ್ಟಿಕ್ ಬಲೆಯನ್ನು ಕಡಲಿಗೆ ಎಸೆಯುವುದನ್ನು ನಿಷೇಧಿಸುತ್ತದೆ, ಎಚ್ಚರ ವಹಿಸಿಯೂ ಕಳೆದುಹೋದದ್ದನ್ನು ಬೇರೆಯೇ ಇಡುತ್ತದೆ. ಆದರೆ ಮೂರನೆಯ ಬಗೆಯೊಂದಿದೆ. ಅದನ್ನು ಹೇಳಲು ಸ್ವಲ್ಪ ಮುಜುಗರ, ಏಕೆಂದರೆ ಎರಡೂ ಕಡೆಯವರು ಇದೇ ಸಫ್‌ಗಳಲ್ಲಿ ಕುಳಿತಿದ್ದಾರೆ. ರಾತ್ರಿ ನಾಡದೋಣಿಯವನು ಬಿಟ್ಟ ಬಲೆಯ ಮೇಲೆ ಟ್ರಾಲ್ ಬೋಟ್ ಹಾದುಹೋಗುತ್ತದೆ. ಬಲೆ ತುಂಡಾಗುತ್ತದೆ, ಅರ್ಧ ಕಡಲಿನ ಪಾಲು. ಬೋಟ್ ನಿಲ್ಲುವುದಿಲ್ಲ. ಸಾಲ ಮಾಡಿ ತಂದ ಬಲೆ ಅದು. ಬೆಳಿಗ್ಗೆ ದಕ್ಕೆಯಲ್ಲಿ ಯಾರೂ ಒಪ್ಪಿಕೊಳ್ಳುವುದಿಲ್ಲ. ಇದು ಆಮೆಯ ಹಕ್ಕು ಮಾತ್ರವಲ್ಲ, ಹಕ್ಕುಲ್ ಇಬಾದ್, ದಾಸರ ಹಕ್ಕು. ಬಲೆಯ ಒಡೆಯ ಕ್ಷಮಿಸುವ ತನಕ ಬರೀ ತೌಬಾದಿಂದ ಅದು ಮುಗಿಯುವುದಿಲ್ಲ ಎಂದು ನಿಮಗೆ ಗೊತ್ತು.

ದಾರಿ ಇಲ್ಲವೆಂದಲ್ಲ. ನಾರ್ವೆಯಲ್ಲಿ ಬಲೆ ಕಳೆದವನು ಎಲ್ಲಿ ಕಳೆಯಿತೆಂದು ತಿಳಿಸಲೇಬೇಕು. 1980ರ ದಶಕದಿಂದ ಅಲ್ಲಿಯ ಸರ್ಕಾರವೇ ಆ ಜಾಗಗಳಿಗೆ ಹೋಗಿ ಕಳೆದ ಬಲೆಗಳನ್ನು ಮೇಲೆತ್ತುತ್ತಿದೆ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 2018ರಲ್ಲಿ ಬಲೆಗೆ ಒಡೆಯನ ಗುರುತು ಹಾಕುವ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ದೂರದ ಮಾತು ಬೇಡವೆನ್ನುವವರು ಕೇರಳ ನೋಡಲಿ. ಕೊಲ್ಲಂ ಬಳಿಯ ನೀಂಡಕರ ಬಂದರಿನಲ್ಲಿ 2017ರಲ್ಲಿ ಶುಚಿತ್ವ ಸಾಗರಂ ಎಂಬ ಯೋಜನೆ ಆರಂಭವಾಯಿತು. ಮೀನಿನ ಜೊತೆ ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಮತ್ತೆ ಕಡಲಿಗೆ ಬಿಸಾಡದೆ ಬೋಟಿನವರು ಚೀಲದಲ್ಲಿ ತುಂಬಿಸಿ ದಡಕ್ಕೆ ತಂದರು. ದಡದಲ್ಲಿ ಅದನ್ನು ತೊಳೆದು ಬೇರ್ಪಡಿಸಿದವರು ಹೆಂಗಸರು, ಪುಡಿ ಮಾಡಿದ್ದು ರಸ್ತೆಯ ಡಾಂಬರಿಗೆ ಸೇರಿತು. ಅವರು ನೀರಿನೊಳಗೆ ಇಳಿಯಲಿಲ್ಲ, ಕೈಗೆ ಬಂದದ್ದನ್ನು ವಾಪಸು ಎಸೆಯಲಿಲ್ಲ.

ಜೂನ್ ಒಂದರಿಂದ ಜುಲೈ ಕೊನೆಯ ತನಕ ನಮ್ಮ ಯಾಂತ್ರಿಕ ಬೋಟ್‌ಗಳಿಗೆ ರಜೆ. ಬಲೆ ನೇಯುವ, ಹೊಲಿಯುವ, ಹಳತನ್ನು ಬದಲಿಸುವ ಕಾಲ. ತುಂಡುಗಳು ಅಳಿವೆ ಬಾಗಿಲಲ್ಲಿ ನೀರಿಗೆ ಬೀಳುವುದೂ ಆಗಲೇ. ಇಂದು ನಮಾಝಿನ ಬಳಿಕ ದೋಣಿ, ಬೋಟ್ ಇರುವವರು ಮನೆಗೆ ಹೋಗುವ ಮುನ್ನ ಮಸೀದಿಯ ಹಿಂದಿನ ಚಾವಡಿಯಲ್ಲಿ ಹತ್ತು ನಿಮಿಷ ಕುಳಿತುಕೊಳ್ಳಿ. ಹಳೆ ಬಲೆಯನ್ನು ಎಲ್ಲಿ ಕೂಡಿಡಬೇಕು, ಬೆಂಡಿಗೆ ದೋಣಿಯ ಹೆಸರು ಬರೆಯಲು ಯಾವ ಬಣ್ಣ ನಿಲ್ಲುತ್ತದೆ, ರಾತ್ರಿ ತುಂಡಾದ ಬಲೆಯ ವಿಷಯ ಯಾರ ಮುಂದೆ ಹೇಳಬೇಕು, ಇಷ್ಟೇ ಮಾತು. ಹಿರಿಯ ಕಾಕಂದಿರಿಗೆ ಈ ಲೆಕ್ಕವೆಲ್ಲ ನಮಗಿಂತ ಚೆನ್ನಾಗಿ ಗೊತ್ತು, ಅವರು ಮೊದಲು ಮಾತಾಡಲಿ.